ಉಳುಕು ತೆಗೆಯುವ ಪಾದ

ಹುಟ್ಟುವಾಗ ಕಾಲು ಮುಂದಾಗಿ ಬಂದವರು ಉಳುಕಿದ ಜಾಗವನ್ನು ಪಾದದಿಂದ ನೀವಿದರೆ ನೋವು ಇಳಿಯುತ್ತದೆಂಬ ನಂಬಿಕೆ ಹರಿಹರಪುರದ ಸುತ್ತ ಈಗಲೂ ಇದೆ. ಗಂಗಾಲಕ್ಷ್ಮಿ ಹಾಗೆ ಹುಟ್ಟಿದವರು. ಭಾನುವಾರ ದೇವಸ್ಥಾನದಲ್ಲಿ ಕಾವ್ಯವಾಚನ ಕೇಳಿ ಇಳಿಯುವಾಗ ಪಕ್ಕದ ಮನೆಯ ಕುಸುಮಾಳ ಪಾದ ಮೆಟ್ಟಿಲ ಸಂದಿಯಲ್ಲಿ ಸಿಕ್ಕಿ ಹೊರಕ್ಕೆ ತಿರುಚಿತು. ಗಂಡ ಸುದರ್ಶನ ಅವಳನ್ನು ನೇರವಾಗಿ ಗಂಗಾಲಕ್ಷ್ಮಿಯ ಅಂಗಳಕ್ಕೇ ತಂದು ಕೂರಿಸಿದ.

“ಗಂಗಕ್ಕನ ಪಾದ ಇರ್ವಾಗ ಎಕ್ಸ್‌ರೇ ಎಂತಕ್ಕೆ ಮಾರಾಯ್ತಿ? ಕರೆಂಟೂ ಬೇಡ, ಕ್ಯೂನೂ ಬೇಡ,” ಎಂದ. ಜೊತೆಗೆ ಬಂದವರು ನಕ್ಕರು.

ಗಂಗಾಲಕ್ಷ್ಮಿ ಕಾಲು ತೊಳೆದು ಬಂದು, ದೇವರ ನಾಮ ಹೇಳಿಕೊಳ್ಳುತ್ತ, ಕುಸುಮಾಳ ಮಂಡಿಯಿಂದ ಕೆಳಕ್ಕೆ ಪಾದ ಎಳೆಯತೊಡಗಿದರು. ಮಂಡಿಯ ಕೆಳಗೆ, ಹೊರಮಗ್ಗುಲಿಗೆ ಪಾದ ತಾಗಿದ್ದೇ ಕುಸುಮಾಳ ಮೈಯೆಲ್ಲ ಬಿಗಿಯಿತು. ಉಸಿರು ಒಳಗೇ ನಿಂತಿತು. ಉಳುಕಿದ್ದು ಪಾದದ ಕೀಲು, ಊದಿದ್ದೂ ಅಲ್ಲೇ. ಇಷ್ಟು ಮೇಲೆ ಯಾಕೆ ನೋವು? ಪ್ರಶ್ನೆ ಗಂಗಾಲಕ್ಷ್ಮಿಯ ಬಾಯಿಯ ತನಕ ಬಂತು. ಆದರೆ ಸುತ್ತ ಜನ ನಿಂತಿದ್ದರು. ಸಾಲು ಮರೆತ ವಾಚಕರು ರಾಗವನ್ನಷ್ಟೇ ಎಳೆದು ಮುಂದೆ ಹೋಗುತ್ತಾರಲ್ಲ, ಹಾಗೆ ಅವರು ಪಾದವನ್ನು ಬೆರಳ ತುದಿಯವರೆಗೂ ಎಳೆದು ಮುಗಿಸಿದರು.

“ಎದ್ದು ತುಳಸಿಕಟ್ಟೆಗೆ ಒಂದು ಸುತ್ತು ಬಾ ಕೂಸೆ.”

ಉಳುಕು ತೆಗೆದ ಮೇಲೆ ಎಲ್ಲರೂ ಸುತ್ತಬೇಕು, ಅದು ಪದ್ಧತಿ. ಕುಸುಮಾ ಗಂಗಾಲಕ್ಷ್ಮಿಯ ಹೆಗಲಿಗೆ ಜೋತುಬಿದ್ದು ಸುತ್ತಿದಳು. ತುಟಿಯ ಮೇಲೆ ಬೆವರು.

“ಕಮ್ಮಿ ಆಯ್ತು ಗಂಗಕ್ಕ.”

ಹಿರಿಯರ ಪಾದ ತಾಗಿಸಿಕೊಂಡ ಮೇಲೆ ಕಮ್ಮಿಯಾಗಿಲ್ಲ ಅನ್ನುವುದು ಅವಳಿಂದಾಗುವ ಮಾತಲ್ಲ.

ಮರುದಿನ ಬೆಳಿಗ್ಗೆ ಕುಸುಮಾಳಿಗೆ ಕಾಲು ಕೆಳಗಿಡಲಾಗಲಿಲ್ಲ. ಕೊಪ್ಪದ ಆಸ್ಪತ್ರೆಗೆ ಹೊರಟ ಕಾರಿನಲ್ಲಿ ಗಂಗಾಲಕ್ಷ್ಮಿ ಯಾರೂ ಕರೆಯದೆ ಹತ್ತಿ ಕೂತರು.

ಡಾಕ್ಟರ್ ಅಪೂರ್ವಾ ಪಾದದ ಕೀಲಿನ ಎರಡೂ ಗಂಟುಗಳ ಹಿಂಬದಿ ಒತ್ತಿ ನೋಡಿದರು. ಕೀಲಿನ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಮುರಿತ ಕಾಣಲಿಲ್ಲ.

“ಬಿದ್ದ ಮೇಲೆ ಕಾಲೂರಿ ನಡೆಯೋಕೆ ಆಯ್ತಾ?”

“ಆಯ್ತು. ತುಳಸಿಕಟ್ಟೆ ಸುತ್ತಿದೆ.”

“ಮೇಲೆಲ್ಲಾದ್ರೂ ನೋವುಂಟಾ?”

ಕುಸುಮಾ ಬಾಗಿಲಲ್ಲಿ ನಿಂತಿದ್ದ ಗಂಗಾಲಕ್ಷ್ಮಿಯ ಕಡೆ ಒಮ್ಮೆ ನೋಡಿದಳು. “ಇಲ್ಲ.”

“ಹಾಗಾದ್ರೆ ಬರೀ ಉಳುಕು. ಬ್ಯಾಂಡೇಜ್ ಸುತ್ತಿ ಕಳಿಸ್ತೇನೆ. ಮೆಲ್ಲ ನಡೆದಾಡಿ.”

ಗಂಗಾಲಕ್ಷ್ಮಿ ಒಮ್ಮೆ ಹಿಂತಿರುಗಿ ನೋಡಿದರು. ಹೊರಗಿನ ಬೆಂಚಿನಲ್ಲಿ ಊರಿನವರೇ ಕೂತಿದ್ದರು. ಅವರಲ್ಲಿ ಹಲವರು ಇದೇ ಪಾದಕ್ಕೆ ಕೈಮುಗಿದವರು.

“ಅವಳು ನಡೀಲಿಲ್ಲ ಡಾಕ್ಟ್ರೇ, ನಾನು ನಡೆಸಿದ್ದು,” ಎಂದರು. “ಭಾರವೆಲ್ಲ ನನ್ನ ಹೆಗಲ ಮೇಲಿತ್ತು. ಮಂಡಿ ಕೆಳಗೆ ಪಾದ ಇಟ್ಟಾಗ ಇವಳಿಗೆ ಜೀವ ಹೋದಂಗಾಯ್ತು. ನಂಗೆ ಗೊತ್ತಾಗಿತ್ತು.”

“ಪಾದ ಇಟ್ಟಾಗ? ಸರಿಯಾಗಿ ಕೇಳಿಸ್ಲಿಲ್ಲ ಅಮ್ಮಾ, ಗಟ್ಟಿ ಹೇಳಿ.”

ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅಪೂರ್ವಾ ಮಂಡಿಯ ಕೆಳಗೆ ಬೆರಳಿಟ್ಟು ಒತ್ತಿದಾಗ ಕುಸುಮಾ ಚೀರಿದಳು. ಎರಡನೆಯ ಎಕ್ಸ್‌ರೇಯಲ್ಲಿ ಮುರಿತ ಅಲ್ಲೇ ಇತ್ತು.

“ಕೀಲು ತಿರುಚಿದ ಜೋರು ಮೇಲಕ್ಕೆ ಹೋಗಿ ಇಲ್ಲಿ ಮುರಿದಿದೆ. ಕೆಳಗೆ ಎರಡು ಮೂಳೆ ಹಿಡಿದಿಡೋ ಕಟ್ಟೂ ಹರಿದಿರ್ಬಹುದು. ಹೀಗೇ ನಡೆದಿದ್ರೆ ಕೀಲೇ ಹಾಳಾಗ್ತಿತ್ತು,” ಎಂದರು ಅಪೂರ್ವಾ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, “ಅವಳು ಇಲ್ಲ ಅಂದ್ರೂ ನಾನು ಮಂಡಿ ತನಕ ಮುಟ್ಟಿ ನೋಡ್ಬೇಕಿತ್ತು,” ಎಂದರು.

ಕಾಲಿಗೆ ಪಟ್ಟಿ ಕಟ್ಟಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಕಾರು ನರಸಿಂಹರಾಜಪುರ ದಾಟಿತು. ತಮಾಷೆ ಮಾಡದ ಸುದರ್ಶನನನ್ನು ಗಂಗಾಲಕ್ಷ್ಮಿ ಅಂದೇ ನೋಡಿದ್ದು. ಹಿಂದಿನ ಸೀಟಿನಲ್ಲಿ, ಅವರ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಕುಸುಮಾಳ ಕಾಲು.

“ಎಂತಕ್ಕೆ ಹೇಳಿದ್ರಿ ಗಂಗಕ್ಕ, ಅಷ್ಟು ಜನರೆದುರು?” ಕುಸುಮಾ ಪಿಸುಗುಟ್ಟಿದಳು. “ನಾನು ಹೇಳ್ತಿರ್ಲಿಲ್ಲ.”

ಅದೇ ಅವರನ್ನು ಇನ್ನಷ್ಟು ಕುಗ್ಗಿಸಿತು. ಯಾರ ಮೈಗೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಉಳುಕು ತೆಗೆಯುವಾಗ ಮಾತ್ರ ಅವರು ಹಾಗೆ ಮಾಡಿದವರಲ್ಲ. ಅಲ್ಲಿ ಪಾದವೇ ಪ್ರಸಾದವಾಗಿತ್ತು.

ಪಟ್ಟಿಯಿಂದ ಹೊರಗಿದ್ದ ಬೆರಳುಗಳನ್ನು ಮುಟ್ಟಿ ಗಂಗಾಲಕ್ಷ್ಮಿ ಕಣ್ಣಿಗೊತ್ತಿಕೊಂಡರು.

“ಅಯ್ಯೋ, ದೊಡ್ಡೋರು ನೀವು! ಎಂತ ಮಾಡ್ತಿದ್ದೀರಿ!” ಕುಸುಮಾ ಕಾಲೆಳೆದುಕೊಳ್ಳಲು ನೋಡಿದಳು.

“ಅಲ್ಲಾಡಿಸ್ಬೇಡ,” ಎಂದರು ಗಂಗಾಲಕ್ಷ್ಮಿ, ಮುಖ ಎತ್ತದೆ.