ಎಂಟರಿಂದ ಒಂಬತ್ತರವರೆಗೆ ಮುಚ್ಚಿದ ಬಾಗಿಲು

ಬೆಳಗ್ಗೆ ಎಂಟು ಹೊಡೆದರೆ ನಮ್ಮ ಮನೆಯ ಮುಂಬಾಗಿಲು ಮುಚ್ಚುತ್ತಿತ್ತು, ಒಂಬತ್ತಕ್ಕೆ ತೆರೆಯುತ್ತಿತ್ತು. ಹದಿನೈದು ವರ್ಷ ಹೀಗೇ ನಡೆಯಿತು. ಆ ಒಂದು ಗಂಟೆಯಲ್ಲಿ ಮೇಲಿನ ಮೂರು ಮಹಡಿಯವರು ಕೆಲಸಕ್ಕೆ, ಶಾಲೆಗೆ ಇಳಿದು ಹೋಗುತ್ತಾರೆ. ಹೊರಡುವ ಹೊತ್ತಿಗೆ ಅವರ ಕಣ್ಣಿಗೆ ನಮ್ಮ ಚಿಕ್ಕಮ್ಮ ಬೀಳಬಾರದು, ಅಷ್ಟೇ ಕಾರಣ. ದಿನದ ಮಿಕ್ಕ ಹೊತ್ತೆಲ್ಲ ಗಾಳಿಗೆಂದು ಬಾಗಿಲು ಹಾರುಹೊಡೆದೇ ಇರುತ್ತಿತ್ತು.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ನಮ್ಮಲ್ಲಿಗೆ ಬಂದಳು. ಬಂದ ದಿನವೇ ಅಪ್ಪ ಮೆಟ್ಟಿಲಲ್ಲಿ ಉರುಳಿ ಕಾಲು ಮುರಿದುಕೊಂಡರು. ಅಲ್ಲಿಗೆ ತೀರ್ಪು ಆಗಿಹೋಯಿತು. ಆಮೇಲೆ ಆ ಮೆಟ್ಟಿಲಲ್ಲಿ ಯಾರು ಎಡವಿದರೂ ಮೊದಲು ತಲೆಯೆತ್ತಿ ನಮ್ಮ ಬಾಗಿಲ ಕಡೆ ನೋಡುತ್ತಿದ್ದರು, ಆಮೇಲೆ ಮೊಣಕಾಲು ನೋಡಿಕೊಳ್ಳುತ್ತಿದ್ದರು.

ಅಪ್ಪ ಬಸ್ ನಿಲ್ದಾಣದಲ್ಲಿ ಸಮಯಪಾಲಕರಾಗಿದ್ದವರು. ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಮೂವತ್ತು ವರ್ಷ ರಿಜಿಸ್ಟರಿನಲ್ಲಿ ಬರೆದರು. ನಿವೃತ್ತರಾದ ಮೇಲೆ ಕಟ್ಟಡದ ಸಂಘಕ್ಕೆ ಅಧ್ಯಕ್ಷರಾದರು. ಕಟ್ಟಡದವರ ಮೊಬೈಲ್ ಗುಂಪಿನಲ್ಲಿ ಯಾವ ಸುದ್ದಿಯನ್ನಾದರೂ ಎಲ್ಲರಿಗಿಂತ ಮೊದಲು ಹಾಕುವುದು ಅವರ ಹೆಮ್ಮೆ. ನಿಜವೋ ಸುಳ್ಳೋ ನೋಡುತ್ತ ಕೂತರೆ ಎದುರು ಮನೆಯವನು ಹಾಕಿಬಿಡುತ್ತಾನಲ್ಲ. ನಾನೂ ಏನು ಕಮ್ಮಿಯಲ್ಲ. ದಿನಪತ್ರಿಕೆಯೊಂದರಲ್ಲಿ ನಾಲ್ಕು ನಿಮಿಷಕ್ಕೊಂದು ತಲೆಬರಹ ಬರೆಯುವುದು ನನ್ನ ಕೆಲಸ.

ನನ್ನ ಹೆಂಡತಿಯದು ಬೇರೆ ಜಾತಿಯ ಪತ್ರಿಕೋದ್ಯಮ. ಅವಳ ಪತ್ರಿಕೆ ಹೊರಬರುವುದು ಮೂರು ತಿಂಗಳಿಗೊಮ್ಮೆ. ಒಂದು ಆಸ್ಪತ್ರೆಯಲ್ಲಿ ರೋಗಿಗಳು ಎಷ್ಟು ಹೊತ್ತು ಕಾಯುತ್ತಾರೆ ಎಂದು ತಿಳಿಯಲು ಅವಳು ಎರಡು ತಿಂಗಳು ಅಲ್ಲಿಯ ಬೆಂಚಿನ ಮೇಲೆ ಕೂತಿದ್ದಳು. ಅಪ್ಪ ಅದಕ್ಕೆ ಆಮೆ ಪತ್ರಿಕೆ ಎಂದು ಹೆಸರಿಟ್ಟಿದ್ದರು. ಹಳಸಿದ ಸುದ್ದಿಯನ್ನು ಯಾರಮ್ಮ ಓದುತ್ತಾರೆ ಎಂದು ಕೇಳುವರು. ನಿಧಾನವೇ ಪ್ರಧಾನ ಮಾವ ಎಂದು ಅವಳು ನಗುವಳು.

ಹೀಗಿರುವಾಗ ಚಿಕ್ಕಮ್ಮನಿಗೊಂದು ಕೆಲಸ ಬಂತು. ನಮ್ಮ ಬೀದಿಯ ಗ್ರಂಥಾಲಯದಿಂದ ತಂದ ಪುಸ್ತಕಗಳ ಹರಿದ ಬೆನ್ನನ್ನು ಹೊಲಿದು, ಅಂಟು ಹಚ್ಚಿ ವಾಪಸು ಕೊಡುವುದು ಅವಳ ಅಭ್ಯಾಸ. ಗ್ರಂಥಪಾಲಕಿ ಅದನ್ನು ಗಮನಿಸಿದ್ದಳು. ಅಲ್ಲಿಯ ಬೈಂಡರ್ ಅಜ್ಜ ಇನ್ನು ನೂರು ದಿನಕ್ಕೆ ನಿವೃತ್ತನಾಗುತ್ತಾನೆ, ಆ ಜಾಗಕ್ಕೆ ನೀವು ಬನ್ನಿ ಎಂದಳು. ಚಿಕ್ಕಮ್ಮ ಆ ದಿನ ಮನೆಯಲ್ಲಿದ್ದ ಪಂಚಾಂಗಕ್ಕೂ ಫೋನ್ ಪುಸ್ತಕಕ್ಕೂ ಹೊಸ ರಟ್ಟು ಹಾಕಿದಳು. ಅಷ್ಟು ಸಂತೋಷ. ಒಂದೇ ತೊಡಕು. ಗ್ರಂಥಾಲಯಕ್ಕೆ ಹೊರಡಬೇಕಾದ್ದು ಬೆಳಗ್ಗೆ ಎಂಟಕ್ಕೆ.

ಅಪ್ಪ ಒಪ್ಪಲಿಲ್ಲ. ನಾಲ್ಕನೇ ಮಹಡಿಯ ವಕೀಲರಂತೂ ಮನೆಗೇ ಬಂದು, ಕೋರ್ಟಿಗೆ ಹೊರಟವರ ಗತಿಯೇನು ಎಂದು ಕೇಳಿದರು. ಅಮ್ಮ ಸೆರಗಿನ ತುದಿ ತಿರುಚುತ್ತ, ತಂಗಿಯ ಮುಖ ಒಮ್ಮೆ, ಗಂಡನ ಮುಖ ಒಮ್ಮೆ ನೋಡಿದಳು. ನಾನು? ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಹದಿನೈದು ವರ್ಷ ಮುಚ್ಚುತ್ತಿದ್ದ ಆ ಬಾಗಿಲಿನ ಅಗುಳಿ ಹಾಕುತ್ತಿದ್ದವನು ನಾನೇ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನನ್ನ ಹೆಂಡತಿ ಮಾತ್ರ ಕೇಳಿದಳು: "ಮಾವ, ಅವತ್ತು ನೀವು ಬಿದ್ದಾಗ ಕೈಯಲ್ಲಿ ಏನಿತ್ತು?"

"ಇವಳ ಟ್ರಂಕು."

"ಎಷ್ಟು ಎತ್ತರ ಇತ್ತು?"

ಅಪ್ಪ ಯೋಚಿಸಿ ಮೂಗಿನ ಹತ್ತಿರ ಕೈ ತೋರಿಸಿದರು.

"ಅಂದ್ರೆ ಮೆಟ್ಟಿಲು ಕಾಣಿಸ್ತಿರಲಿಲ್ಲ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಷ್ಟೇ. ತಪ್ಪು ಮೆಟ್ಟಿಲದ್ದು ಇರಬಹುದಲ್ವಾ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಅಪ್ಪ. "ಎಷ್ಟು ಜನ ಬಿದ್ದಿದಾರೆ ಗೊತ್ತಾ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಎಷ್ಟು ಜನ ಮಾವ?"

ಬಸ್ಸುಗಳ ನಿಮಿಷ ನಿಮಿಷದ ಲೆಕ್ಕ ಇಟ್ಟವರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಅವಳು ಅಲ್ಲೇ ಹಿಡಿದಳು. ನೂರು ದಿನ ಬರೆದಿಡೋಣ, ನಿಮ್ಮ ಮಾತೇ ಸರಿ ಎಂದು ಬಂದರೆ ಚಿಕ್ಕಮ್ಮ ಕೆಲಸಕ್ಕೆ ಹೋಗುವುದು ಬೇಡ, ಬರೆಯುವವರೂ ನೀವೇ ಆಗಿರಿ ಎಂದಳು. ಮೂವತ್ತು ವರ್ಷದ ಸಮಯಪಾಲಕನಿಗೆ ಹೊಸ ರಿಜಿಸ್ಟರು ತೋರಿಸಿದರೆ ಬೇಡ ಎನ್ನುತ್ತಾನೆಯೇ? ಸೋತರೆ ಕೆಲಸ ಹೋಗುವುದು ಚಿಕ್ಕಮ್ಮನದು. ಆದರೂ, ಆಗಲಿ ಎಂದಳು.

ಏರ್ಪಾಟು ಹೀಗೆ. ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ನೂರು ಚೀಟಿ. ಮೂವತ್ತನಾಲ್ಕರಲ್ಲಿ 'ಬಾಗಿಲು ಮುಚ್ಚು', ಮೂವತ್ತಮೂರರಲ್ಲಿ 'ಬಾಗಿಲು ತೆರೆ, ಚಿಕ್ಕಮ್ಮ ಹೊಸ್ತಿಲಲ್ಲಿ ಸ್ಟೂಲಿನ ಮೇಲೆ ಕೂರಲಿ', ಉಳಿದ ಮೂವತ್ತಮೂರರಲ್ಲಿ 'ಬಾಗಿಲು ತೆರೆ, ಬರೀ ಸ್ಟೂಲು'. ಬೆಳಗ್ಗೆ ಅಮ್ಮ ಕಣ್ಣು ಮುಚ್ಚಿ ಒಂದು ಎತ್ತಬೇಕು. ಬರೀ ಸ್ಟೂಲು ಯಾಕಮ್ಮ ಎಂದು ಅಪ್ಪ ನಕ್ಕರು. ಆಮೆಗೇನು ಅವಸರ, ನೋಡೋಣ ಎಂದಳು ಅವಳು.

ಮಾರನೆಯ ದಿನದಿಂದ ಅಪ್ಪ ಕೆಳಗಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಕೊರಳಿಗೆ ಹಳೆಯ ಸೀಟಿ ನೇತುಹಾಕಿಕೊಂಡು ಕೂತರು. ಚಿಕ್ಕಮ್ಮನ ಚೀಟಿ ಬಂದ ದಿನ ರಿಜಿಸ್ಟರನ್ನು ಮುಖಕ್ಕೆ ಅಡ್ಡ ಹಿಡಿದು, ಅದರ ಅಡಿಯಿಂದ ಇಳಿಯುವವರ ಪಾದ ಮಾತ್ರ ನೋಡುತ್ತಿದ್ದರು. ಆದರೆ ಬರೆಯುವುದರಲ್ಲಿ ಮೋಸವಿಲ್ಲ. 'ಎಂಟು ಹನ್ನೆರಡು. ಮೂರನೇ ಮಹಡಿ ಟೀಚರ್. ಎಡವಿಲ್ಲ.' 'ಎಂಟು ಇಪ್ಪತ್ತು. ಬೇಕರಿಯವರು. ಎಡವಿದರು, ಬಯ್ದರು.'

ಇಪ್ಪತ್ತನೇ ದಿನ ವಕೀಲರು ಫೈಲುಗಳ ಸಮೇತ ಜಾರಿ ಅಪ್ಪನ ಕುರ್ಚಿಯ ಕಾಲಿಗೆ ಬಂದು ನಿಂತರು. ಅಂದು ಚೀಟಿ 'ಬಾಗಿಲು ಮುಚ್ಚು'. ಬೀಗದ ಕಿಂಡಿಯಿಂದ ನೋಡಿರುತ್ತಾಳೆ ಎಂದು ವಕೀಲರು ವಾದಿಸಿದರು. ಗುಂಪಿನಲ್ಲಿ ಐದು ನಿಮಿಷಕ್ಕೆ ಅರವತ್ತು ಸಂದೇಶ ಬಂದವು, ಎಲ್ಲವೂ ಚಿಕ್ಕಮ್ಮನ ಮೇಲೆ. ಅವಳು ಒಳಕೋಣೆಯಲ್ಲಿ ಕೂತು ಒಂದೊಂದನ್ನೂ ಓದಿದಳು. ಅಪ್ಪ ಮೇಲೆ ಬಂದು ಕಿಂಡಿಗೆ ಬಟ್ಟೆ ತುರುಕಿದರು, ರಿಜಿಸ್ಟರಿನಲ್ಲಿ 'ಕಿಂಡಿ ಬಂದ್' ಎಂದು ಬರೆದರು. ಮೊದಲ ಬಾರಿಗೆ ಆ ದಿನ ಅವರು ಗುಂಪಿನಲ್ಲಿ ಏನೂ ಹಾಕಲಿಲ್ಲ. ಕೇಳಿದರೆ, "ಇನ್ನೂ ಎಂಬತ್ತು ದಿನ ಇದೆಯಲ್ಲ," ಎಂದರು.

ಕಿಂಡಿ ಮುಚ್ಚಿದ ಮೇಲೂ ಮುಚ್ಚಿದ ದಿನಗಳಲ್ಲಿ ಎಡವುವುದು ನಿಲ್ಲಲಿಲ್ಲ. ಎಪ್ಪತ್ತನೇ ದಿನ ಕಳೆದ ಮೇಲೆ ಅಪ್ಪ ಊಟದ ನಡುವೆಯೂ ರಿಜಿಸ್ಟರಿನ ಹಾಳೆ ತಿರುವತೊಡಗಿದರು. ರಾತ್ರಿ ಅದನ್ನು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದರು.

ನೂರನೇ ದಿನ ಸಂಜೆ ನಮ್ಮ ಹಜಾರದಲ್ಲಿ ಸಭೆ. ಅಪ್ಪ ಮೂರು ಸಲ ಕೂಡಿ ನೋಡಿದ್ದರು, ಮೂರು ಸಲವೂ ಅದೇ ಬಂದಿತ್ತು. ಎದ್ದು ನಿಂತು, ಬಸ್ಸಿನ ವೇಳೆ ಕೂಗುವ ಸ್ವರದಲ್ಲಿ ಓದಿದರು. "ಬಾಗಿಲು ಮುಚ್ಚಿದ ದಿನ ಎಡವಿದವರು ಹತ್ತೊಂಬತ್ತು. ಚಿಕ್ಕಮ್ಮ ಕೂತ ದಿನ ಎರಡು."

ವಕೀಲರ ಮುಖ ಅರಳಿತು. ಇಷ್ಟು ದಿನ ನಾವು ತಪ್ಪು ತಿಳಿದಿದ್ದೆವು, ಈಕೆಯದು ಮಹಾ ಒಳ್ಳೆಯ ಮುಖ ಎಂದರು. ಇನ್ನು ಮೇಲೆ ದಿನವೂ ಎಂಟರಿಂದ ಒಂಬತ್ತರವರೆಗೆ ಬಾಗಿಲಲ್ಲಿ ಕೂರಬೇಕು, ಕೋರ್ಟಿನ ದಿನ ಸ್ವಲ್ಪ ನಗಬೇಕು ಎಂದು ಠರಾವು ಮಂಡಿಸಿದರು. ಬೇಕರಿಯವರು ಅನುಮೋದಿಸಿದರು. ಅಮ್ಮನ ಕಣ್ಣಲ್ಲಿ ನೀರು ಬಂತು. ನೋಡಿ, ನಮ್ಮ ಜನ ಮೂಢನಂಬಿಕೆಯನ್ನು ಬಿಡುವ ರೀತಿ ಇದು. ಅಂಗಿಯನ್ನು ತಿರುವುಮುರುವು ಮಾಡಿ ಮತ್ತೆ ಅದನ್ನೇ ತೊಡುತ್ತೇವೆ.

"ಮಾವ, ಸ್ಟೂಲಿನ ದಿನ?" ಎಂದಳು ನನ್ನ ಹೆಂಡತಿ.

ಅಪ್ಪ ಕನ್ನಡಕ ಸರಿಮಾಡಿಕೊಂಡರು. "ಅದೂ ಎರಡೇ."

"ಹಾಗಾದ್ರೆ ಸ್ಟೂಲಿನ ಮುಖಾನೂ ಒಳ್ಳೇದಾ?"

ಅವಳು ಎದ್ದು ಹೋಗಿ ಮುಂಬಾಗಿಲು ಮುಚ್ಚಿದಳು, ಎಲ್ಲರನ್ನೂ ಹೊರಗೆ ಮೆಟ್ಟಿಲ ತಿರುವಿಗೆ ಕರೆದಳು. ಕಿಟಕಿಯಿಲ್ಲದ ತಿರುವು, ಕಗ್ಗತ್ತಲು. ಅಲ್ಲಿಯ ಬಲ್ಬು ಯಾವ ಕಾಲದಲ್ಲೋ ಸುಟ್ಟುಹೋಗಿತ್ತು. ಚಿಕ್ಕಮ್ಮನಂಥ ಕಾರಣ ಮನೆಯಲ್ಲೇ ಇರುವಾಗ ಬಲ್ಬನ್ನು ಯಾರು ಕೇಳುತ್ತಾರೆ? ಅವಳು ಬಾಗಿಲು ತೆರೆದಳು. ನಮ್ಮ ಹಜಾರದ ಬೆಳಕು ಹೊಸ್ತಿಲು ದಾಟಿ ನೇರ ಮೂರನೇ ಮೆಟ್ಟಿಲ ಮೇಲೆ ಬಿತ್ತು. ಆ ಮೆಟ್ಟಿಲು ಮಿಕ್ಕವಕ್ಕಿಂತ ಎರಡು ಬೆರಳು ತಗ್ಗು. ನೆಲವೇ ಡೊಂಕು. ಅಪ್ಪ ಬಗ್ಗಿ, ಬೆರಳಿಟ್ಟು ಅಳೆದು, ಬಹಳ ಹೊತ್ತು ಮೇಲೇಳಲಿಲ್ಲ.

ಹದಿನೈದು ವರ್ಷ ನಾವು ಬೀಳಬಾರದೆಂದು ಬಾಗಿಲು ಮುಚ್ಚಿ, ಮುಚ್ಚಿದ್ದರಿಂದಲೇ ಬೀಳುತ್ತಿದ್ದೆವು. ಒಳಗೆ ಒಬ್ಬ ಹೆಂಗಸನ್ನು ಕತ್ತಲಲ್ಲಿಟ್ಟು ಹೊರಗೆ ನಾವೂ ಕತ್ತಲಲ್ಲಿ ತಡಕಾಡಿದೆವು.

ವಕೀಲರು ಸೋಲುವವರಲ್ಲ. ಬೆಳಕಾದರೂ ಇರಲಿ, ಏನಾದರೂ ಇರಲಿ, ಯಾವುದಕ್ಕೂ ಆಕೆ ಕೂತಿದ್ದರೆ ಒಳ್ಳೆಯದು, ಕೂತರೆ ನಷ್ಟವೇನು ಎಂದರು. ಆಗ ಚಿಕ್ಕಮ್ಮ ಮುಂದೆ ಬಂದಳು. ಇಡೀ ಕಟ್ಟಡ ಅವಳ ಮುಖವನ್ನು ಒಟ್ಟಿಗೆ ನೋಡಿದ್ದು ಅಂದೇ ಮೊದಲು.

"ನಷ್ಟ ನನಗೆ," ಎಂದಳು. "ಕೆಟ್ಟ ಮುಖ ಅಂತ ಒಳಗೆ ಕೂರಿಸಿದ್ರಿ, ಕೂತೆ. ಈಗ ಒಳ್ಳೇ ಮುಖ ಅಂತ ಬಾಗಿಲಲ್ಲಿ ಕೂರಿಸ್ತೀರಾ? ಎರಡೂ ಕೂರೋದೇ ಅಲ್ವಾ. ನಾನು ಕೂರಲ್ಲ. ನಾಳೆ ಎಂಟು ಗಂಟೆಗೆ ನನಗೆ ಕೆಲಸ ಇದೆ. ನಿಮಗೆ ಬೇಕಾದ್ದು ಬಲ್ಬು, ಅದನ್ನ ಹಾಕಿಸ್ಕೊಳ್ಳಿ."

ಮಾರನೆಯ ಬೆಳಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಅವಳು ಚಪ್ಪಲಿ ಮೆಟ್ಟಿಕೊಂಡಳು. ಚೀಲದಲ್ಲಿ ಸೂಜಿ, ದಾರ, ಕತ್ತರಿ. ಅಪ್ಪ ತಿರುವಿನಲ್ಲಿ ಕುರ್ಚಿಯ ಮೇಲೆ ಹತ್ತಿ, ಹೊಸ ಬಲ್ಬು ಕೈಯಲ್ಲಿ ಹಿಡಿದು, ಹೋಲ್ಡರಿನ ಜೊತೆ ಜಗಳವಾಡುತ್ತಿದ್ದರು. ಕುರ್ಚಿ ಅಲುಗಾಡುತ್ತಿತ್ತು. ಮೇಲಿನಿಂದ ವಕೀಲರು ಇಳಿದು ಬಂದವರು, ಚಿಕ್ಕಮ್ಮನನ್ನು ನೋಡಿ, ಮುಖ ತಿರುಗಿಸಬೇಕೋ ಕೈಮುಗಿಯಬೇಕೋ ತಿಳಿಯದೆ ಅಲ್ಲೇ ನಿಂತರು.

ಬಲ್ಬು ಹತ್ತಿತು. ಅಪ್ಪ ಕೆಳಗೆ ನೋಡಿದರು. ಹದಿನೈದು ವರ್ಷದಲ್ಲಿ ಬೆಳಗಿನ ಆ ಹೊತ್ತಿನಲ್ಲಿ ಅವರು ಮೊದಲ ಬಾರಿಗೆ ರಿಜಿಸ್ಟರಿನ ಅಡ್ಡವಿಲ್ಲದೆ ಅವಳ ಮುಖ ನೋಡಿದರು. ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡರು. ಕ್ಷಮೆ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಕೈಗಡಿಯಾರ ನೋಡಿಕೊಂಡರು.

"ಏಳು ಐವತ್ತೆಂಟು," ಎಂದರು. "ಸರಿಯಾದ ಟೈಮಿಗೆ ಹೊರಟಿದೀಯ. ಮೂರನೇ ಮೆಟ್ಟಿಲು ಜೋಪಾನ."

"ಗೊತ್ತು ಭಾವ," ಎಂದಳು ಚಿಕ್ಕಮ್ಮ. ಇಳಿಯುವ ಮುನ್ನ ನನ್ನ ಕಡೆ ತಿರುಗಿ, ಕುರ್ಚಿ ಹಿಡಿದುಕೊ, ಬಿದ್ದರೆ ಮತ್ತೆ ನನ್ನ ಮೇಲೆ ಬರುತ್ತದೆ ಎಂದಳು. ನಾನು ಅಗುಳಿಯಿಂದ ಕೈ ತೆಗೆದು ಕುರ್ಚಿ ಹಿಡಿದುಕೊಂಡೆ.