ಹಿಂದೆ ಬಂದ ಪಿಕಪ್

ಕಂಪನಿ ಕೆಲಸಕ್ಕೆ ಊರೂರು ತಿರುಗುತ್ತಿದ್ದ ಲೊರೇನ್, ಎಲ್ಲಿದ್ದರೂ ಬೆಳಿಗ್ಗೆ ಅರ್ಧ ಗಂಟೆ ನಡೆಯದೆ ಬಿಡುತ್ತಿರಲಿಲ್ಲ. ಅಂದು ಅಮೆರಿಕದ ಮೊಂಟಾನಾದ ಸಣ್ಣ ಊರೊಂದರಲ್ಲಿ ಹೋಟೆಲಿನಿಂದ ಹೊರಟು ಹೊಳೆಯ ಪಕ್ಕದ ರಸ್ತೆ ಹಿಡಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಳೆಯ ಪಿಕಪ್ ಗಾಡಿಯೊಂದು ನಿಧಾನವಾಗಿ ಹಿಂದೆ ಬರತೊಡಗಿತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ಯಾರಿಗಾದರೂ ಕರೆ ಮಾಡೋಣವೆಂದರೆ ಫೋನಿಗೆ ಸಿಗ್ನಲ್ ಇರಲಿಲ್ಲ. ಕೊನೆಗೆ ಧೈರ್ಯ ಮಾಡಿ ತಿರುಗಿ, "ಏನ್ರೀ ಬೇಕು ನಿಮಗೆ?" ಎಂದು ಕೂಗಿದಳು.

ಗಾಡಿಯ ಕಿಟಕಿಯಿಂದ ಮುದುಕಿಯೊಬ್ಬಳು ತಲೆ ಹೊರಹಾಕಿದಳು. "ಓಡ್ಬೇಡ ಮಗಳೇ. ಆ ಪೊದೆ ಮರೇಲಿ ಚಿರತೆ ಥರದ ಪ್ಯೂಮಾ ಒಂದು ಆಗ್ಲಿಂದ ನಿನ್ ಜೊತೇಲೇ ಬರ್ತಿದೆ. ಹಾರ್ನ್ ಹೊಡೆದ್ರೆ ನೀನು ಹೆದರಿ ಓಡ್ತೀಯ ಅಂತ ಸುಮ್ನಿದ್ದೆ. ಮೆಲ್ಲಗೆ ಬಂದು ಹತ್ಕೋ."

ಲೊರೇನ್ ಮೆಲ್ಲಗೆ ಹತ್ತಿ ಬಾಗಿಲು ಹಾಕಿಕೊಂಡಳು. ಕಂದು ಬಣ್ಣದ ಆ ದೊಡ್ಡ ಪ್ರಾಣಿ ರಸ್ತೆಗೆ ಬಂದು, ಅವಳು ನಿಂತಿದ್ದ ಜಾಗವನ್ನು ಮೂಸಿತು.