ಬರಿಹೊಟ್ಟೆಯ ಪರಮಪ್ರಸಾದ

ಹಿಂದೊಂದು ಕಾಲದಲ್ಲಿ ಒಬ್ಬಳು ಮದುಮಗಳಿದ್ದಳಂತೆ. ಮದುವೆಯ ಬೆಳಿಗ್ಗೆ ಬೆಲ್ಲದ ಪಾಕದ ಹದ ನೋಡಲು ಬೆರಳು ನೆಕ್ಕಿ, ಅದನ್ನು ಮರೆತು ಇಗರ್ಜಿಗೆ ಹೋಗಿ, ದೇವರ ಮೈಯೇ ಆದ ರೊಟ್ಟಿಯ ಚೂರು ಪರಮಪ್ರಸಾದಕ್ಕೆ ನಾಲಿಗೆ ಚಾಚಿದಳಂತೆ. ಪ್ರಸಾದ ಕೆಂಡವಾಗಿ ನಾಲಿಗೆಗೆ ಅಂಟಿತು. ಆಮೇಲೆ ಬದುಕಿರುವ ತನಕ ಅವಳಿಗೆ ಉಪ್ಪು ಯಾವುದು, ಸಕ್ಕರೆ ಯಾವುದು ತಿಳಿಯಲಿಲ್ಲವಂತೆ.

ಈ ಕಥೆಯನ್ನು ಸೆವ್ರಿನ್‌ಗೆ ಹೇಳಿದವಳು ಅವಳ ಅಜ್ಜಿ. ಮಂಗಳೂರಿನಿಂದ ಹಡಗು ಹತ್ತಿ ಬೊಂಬಾಯಿಗೆ ಬರುವಾಗ ಮನೆಯವರು ಸಾಮಾನೆಲ್ಲ ಬಿಟ್ಟುಬಂದರೂ ಕಥೆಯನ್ನು ಬಿಟ್ಟುಬಂದಿರಲಿಲ್ಲ. ಪರಮಪ್ರಸಾದ ಸ್ವೀಕರಿಸುವ ದಿನದ ಹಿಂದಿನ ಸಂಜೆ, ವಿಲೆ ಪಾರ್ಲೆಯ ಚಾಳಿನ ಒಂದೇ ಕೋಣೆಯಲ್ಲಿ, ಸೆವ್ರಿನ್ ಮಾಯ್ ಎಂದು ಕರೆಯುವ ತಾಯಿ ಪಿಯಾದ್ ಬಾಯಿ ನೀರಿನ ಕೊಡಕ್ಕೆ ತಟ್ಟೆ ಮುಚ್ಚಿ ಅದರ ಮೇಲೆ ಜಪಸರ ಇಡುತ್ತಿದ್ದಳು. ನಿದ್ದೆಗಣ್ಣಲ್ಲಿ ಎದ್ದು ನೀರು ಕುಡಿದುಬಿಟ್ಟರೆ ಎಂಬ ಭಯ. ಮಧ್ಯರಾತ್ರಿ ಕಳೆದ ಮೇಲೆ ಪೂಜೆ ಮುಗಿಯುವ ತನಕ ಹನಿ ನೀರೂ ಗಂಟಲಿಗೆ ಇಳಿಯಬಾರದು. ಅದು ದೇವರ ಕಟ್ಟಳೆ.

ಪಕ್ಕದ ಕೋಣೆಯ ನೀಲಾವತಿ ಉಡುಪಿ ಕಡೆಯವಳು, ಅವಳ ಗಂಡ ಬಾಂದ್ರಾದ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಅವಳು ಕೆಣಕುತ್ತಿದ್ದಳು: "ನಮ್ಮ ದೇವರು ನೈವೇದ್ಯ ತಗೊಂಡು ಉಳಿದದ್ದು ನಮಗೆ ಬಿಡ್ತಾನೆ. ನಿಮ್ಮವ ತಾನೇ ಊಟವಾಗಿ ಬರ್ತಾನೆ, ಮತ್ತೆ ಹೊಟ್ಟೆ ಖಾಲಿ ಇಡು ಅಂತಾನೆ. ಅವನಿಗೆ ಜಾಗ ಸಾಕಾಗುದಿಲ್ವಾ, ಪಿಯಾದಕ್ಕ?"

"ಸಾಕಾಗುದಿಲ್ಲ ಮಾರಾಯ್ತಿ. ಅವ ದೊಡ್ಡವ, ನನ್ನ ಹೊಟ್ಟೆ ಸಣ್ಣದು."

ಹೊಟ್ಟೆ ಸಣ್ಣದಾಗುತ್ತಲೇ ಹೋಯಿತು. ಪಿಯಾದ್ ಬಾಯಿಯ ಸಕ್ಕರೆ ಕಾಯಿಲೆ ಗುಳಿಗೆಗೆ ಬಗ್ಗದೆ ಇಂಜೆಕ್ಷನ್‌ಗೆ ಬಂದು ನಿಂತಿತು. ಸಯನ್‌ನ ಆಸ್ಪತ್ರೆಯ ಡಾಕ್ಟರಮ್ಮ ಸೂಜಿ ಚುಚ್ಚುವುದನ್ನು ಸೆವ್ರಿನ್‌ಗೇ ಕಲಿಸಿಕೊಟ್ಟು, ಹಿಂದಿಯಲ್ಲಿ ಹತ್ತು ಸಲ ಹೇಳಿದ್ದರು: ಚುಚ್ಚಿದ ಮೇಲೆ ಅರ್ಧ ಗಂಟೆಯೊಳಗೆ ತಿನ್ನಿಸಲೇಬೇಕು.

ತಿಂಗಳ ಮೊದಲ ಶುಕ್ರವಾರ ಬಂತು. ಮಗಳಿಗೆ ಒಳ್ಳೆಯ ಗಂಡು ಸಿಗಲೆಂದು, ತಪ್ಪದೆ ಪರಮಪ್ರಸಾದ ಪಡೆಯುತ್ತೇನೆಂದು ಮಾಯ್ ಹೊತ್ತ ಹರಕೆಯ ದಿನ ಅದು. ಅವಳು ಇಂಜೆಕ್ಷನ್ ಬೇಡವೆನ್ನಲಿಲ್ಲ. ತೋಳು ಚಾಚಿದಳು. ತಲೆಗೆ ಸೆರಗು ಹೊದ್ದು ಹೊರಟಳು. ಡಾಕ್ಟರ ಮಾತೂ ನಡೆಯಿತು, ದೇವರ ಮಾತೂ ನಡೆಯಿತು, ನಡುವೆ ಒಂದು ಬಿಸ್ಕತ್ತು ಮಾತ್ರ ಇರಲಿಲ್ಲ. ಇಗರ್ಜಿ ಹತ್ತಿರವಿದೆ, ಪೂಜೆ ಬೇಗ ಮುಗಿಯುತ್ತದೆ ಎಂದು ಸೆವ್ರಿನ್ ಕೂಡ ನಂಬಿ ಆಫೀಸಿನ ಲೋಕಲ್ ಹಿಡಿದಳು. ಆದರೆ ಆ ದಿನ ಪೂಜೆಯ ಹಿಂದೆಯೇ ಉದ್ದದ ಪ್ರಾರ್ಥನೆಯೂ ಇತ್ತು. ನಾಲಿಗೆಯ ಮೇಲೆ ಪ್ರಸಾದ ಪಡೆದು ಜಾಗಕ್ಕೆ ಮರಳಿದ ಮಾಯ್ ಮೊಣಕಾಲೂರಿ ಬೆಂಚಿಗೆ ತಲೆ ಆನಿಸಿದಳು. ಭಕ್ತಿಯೆಂದು ಯಾರೂ ಅಲುಗಿಸಲಿಲ್ಲ. ಎಲ್ಲರೂ ಹೋದ ಮೇಲೆ, ಗುಡಿಸುವವಳು ಮುಟ್ಟಿದಾಗ ಅವಳು ಪಕ್ಕಕ್ಕೆ ಉರುಳಿದಳು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳು ಹಳೆಯ ಮಾಯ್ ಅಲ್ಲ. ಮಾತು ತೊದಲು, ಕೈಗೆ ಹಿಡಿತವಿಲ್ಲ. ಸಕ್ಕರೆ ಇಳಿದು ಮಿದುಳು ಬಹಳ ಹೊತ್ತು ಹಸಿದಿತ್ತು, ಮೂತ್ರಪಿಂಡವೂ ಸೋತಿದೆ ಎಂದರು ಡಾಕ್ಟರಮ್ಮ. ಮನೆಗೆ ಕರೆದುಕೊಂಡು ಹೋಗಿ, ಆಗಾಗ ಗ್ಲೂಕೋಸ್ ನೀರು ಕುಡಿಸುತ್ತಿರಿ ಎಂದರು. 

ಮನೆಗೆ ಬಂದ ಮಾಯ್‌ಗೆ ಒಂದೇ ಆಸೆ, ಕೊನೆಯದಾಗಿ ಒಮ್ಮೆ ಕುಮ್ಗಾರ್ ಬೇಕು. ಅವಳಿಗೆ ಪರಮಪ್ರಸಾದ ಎಂದರೆ ಅದೇ ಕೊಂಕಣಿ ಮಾತು. ಸೆವ್ರಿನ್ ಇಗರ್ಜಿಯ ಆಫೀಸಿಗೆ ಹೋಗಿ ಅಲ್ಲಿನ ದೊಡ್ಡ ಪಾದ್ರಿ, ವಿಗಾರ ಫಾದರ್ ವಾಸ್ ಎದುರು ನಿಂತಳು. ಟೈಪಿಂಗ್ ಕ್ಲಾಸಿನಲ್ಲಿ ಕಲಿತ ಇಂಗ್ಲಿಷನ್ನು ಹೊಂದಿಸಿಕೊಂಡು ಬೇಡಿಕೊಂಡಳು. "ಫಾದರ್, ಮಾಯ್‌ಗೆ ಮಧ್ಯರಾತ್ರಿಯಿಂದ ಉಪವಾಸ ಇರಲು ಆಗುವುದಿಲ್ಲ. ಬಿಷಪ್ಪರಿಂದ ಏನಾದರೂ ಅಪ್ಪಣೆ ಸಿಗಬಹುದೆ?"

ಫಾದರ್ ಕನ್ನಡಕ ತೆಗೆದರು. "ಯಾವ ಮಧ್ಯರಾತ್ರಿ? ಅದು ಹೋಗಿ ಎಷ್ಟೋ ವರ್ಷವಾಯಿತು. ಈಗ ಒಂದು ಗಂಟೆ ಸಾಕು. ನೀರು, ಔಷಧಿಗಂತೂ ತಡೆಯೇ ಇಲ್ಲ. ರೋಗಿಗಳನ್ನು ಉಪವಾಸ ಕೆಡವಲು ನಾವೇನು ರಾಕ್ಷಸರೇ?"

ಸೆವ್ರಿನ್ ಮೇಜಿನ ಅಂಚು ಹಿಡಿದುಕೊಂಡಳು. "ನಮಗೆ ಯಾರೂ ಹೇಳಲಿಲ್ಲ."

"ಪೂಜೆಯಲ್ಲಿ ಓದಿದ್ದೇವೆ. ಬೋರ್ಡಿಗೂ ಹಾಕಿದ್ದೆವು."

"ಇಂಗ್ಲಿಷಿನಲ್ಲಾ? ಆಗ ನನಗೂ ಇಂಗ್ಲಿಷ್ ಬರುತ್ತಿರಲಿಲ್ಲ."

"ಇಲ್ಲಿ ಪೂಜೆಯೇ ಇಂಗ್ಲಿಷಿನಲ್ಲಲ್ಲವೇ, ಮಗು."

"ಹೊಸ ಕಟ್ಟಡಕ್ಕೆ ಚಂದಾ ಕೇಳಿದ ಚೀಟಿ ಕೊಂಕಣಿಯಲ್ಲಿ ಬಂದಿತ್ತು ಫಾದರ್. ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿಸಿ ನಮ್ಮ ಬಾಗಿಲಿಗೇ ತಂದುಕೊಟ್ಟಿದ್ದರು. ಮಾಯ್ ಅದನ್ನು ಮನೆಯ ದೇವರ ಅಲ್ತಾರಿನಲ್ಲಿಟ್ಟು ಮುತ್ತಿಟ್ಟಳು."

ಫಾದರ್ ಕನ್ನಡಕವನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದರು. "ಗುರುವಾರ ಬೆಳಿಗ್ಗೆ ಬರುತ್ತೇನೆ," ಎಂದರು.

ಮಾಯ್‌ಗೆ ಹೇಳುವುದೋ ಬಿಡುವುದೋ ಎಂದು ಸೆವ್ರಿನ್ ಗುರುವಾರದವರೆಗೂ ಒದ್ದಾಡಿದಳು. ಹೇಳಿದರೆ, ಇಷ್ಟು ವರ್ಷದ ಹಸಿವೆಲ್ಲ ಗಾಳಿಗೆ ಹೋಗುತ್ತದೆ. ಆ ಶುಕ್ರವಾರ ಬೆಂಚಿಗೆ ಆನಿಸಿದ ತಲೆಯೂ ವ್ಯರ್ಥವಾಗುತ್ತದೆ. ಹೇಳದಿದ್ದರೆ ಮಾಯ್ ಬಾಯಿ ತೆರೆಯುವುದಿಲ್ಲ.

ಫಾದರ್ ಬಂದರು. ನೀಲಾವತಿ ಹಾಸಿಕೊಟ್ಟ ಬಿಳಿ ಬಟ್ಟೆಯ ಮೇಲೆ ಮೇಣದಬತ್ತಿ ಉರಿಯುತ್ತಿತ್ತು. ಅವರು ಪ್ರಸಾದ ಎತ್ತಿ ಹಿಡಿದಾಗ ಮಾಯ್ ತುಟಿ ಬಿಗಿದುಕೊಂಡು ತಲೆಯಾಡಿಸಿದಳು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. "ನೀರು... ಈಗಷ್ಟೇ ಕುಡಿದೆ. ಇವಳು ಕುಡಿಸಿದಳು. ಪಾಪ... ಬೇಡ."

"ಏನೂ ಅಡ್ಡಿ ಇಲ್ಲ ಎಂದು ಹೇಳು," ಎಂದರು ಫಾದರ್, ಇಂಗ್ಲಿಷಿನಲ್ಲಿ. "ಈ ನಿಯಮ ಬದಲಾಗಿ ಬಹಳ ಕಾಲವಾಯಿತು ಎಂದು ಹೇಳು."

ಮಾಯ್ ಫಾದರನ್ನು ನೋಡಲಿಲ್ಲ, ಮಗಳನ್ನು ನೋಡಿದಳು. ಚಿಕ್ಕಂದಿನಿಂದ ಸುಳ್ಳಾಡಿದರೆ ಗದರಿಸುತ್ತಿದ್ದ ಕಣ್ಣು ಅದು.

ಸೆವ್ರಿನ್ ಮಂಚದ ಪಕ್ಕ ಮಂಡಿಯೂರಿದಳು. "ಮಾಯ್, ಕೇಳು. ರೋಮಿನ ಪೋಪ್, ನಮ್ಮ ಪಾಪು ಸಾಯ್ಬರಿಗೆ ಮೊನ್ನೆ ರಾತ್ರಿ ನಿದ್ದೆ ಹತ್ತಲಿಲ್ಲವಂತೆ. ಲೋಕದಲ್ಲಿ ಎಷ್ಟು ರೋಗಿಗಳು ಬಾಯಾರಿ ನನಗಾಗಿ ಕಾಯುತ್ತಿದ್ದಾರೆ ಅಂತ ದೇವರೇ ಅವರಿಗೆ ನೆನಪು ಮಾಡಿದನಂತೆ. ಬೆಳಗಾಗುತ್ತಲೇ ಎದ್ದು, ಇನ್ನು ಉಪವಾಸ ಬೇಡ ಅಂತ ಬರೆದರಂತೆ. ಕಾಗದ ಈ ವಾರ ಬಂತು. ಫಾದರ್ ಅದನ್ನೇ ಹೇಳ್ತಿದ್ದಾರೆ."

ಫಾದರ್ ವಾಸ್ ಮರಾಠಿ ಮನೆಮಾತಿನವರು. ಕೊಂಕಣಿ ಅವರಿಗೆ ಅಷ್ಟೇನೂ ದೂರದ್ದಲ್ಲ. ಅವರು ಏನೋ ಹೇಳಲು ಬಾಯಿ ತೆರೆದರು. ಸೆವ್ರಿನ್ ತಲೆಯೆತ್ತಿ ಅವರನ್ನು ನೋಡಿದಳು. ಅವರ ಮುಖ ಕೆಂಪಾಯಿತು, ಬಾಯಿ ಮುಚ್ಚಿತು.

"ಈ ವಾರವಾ?" ಎಂದಳು ಮಾಯ್.

"ಈ ವಾರವೇ, ಮಾಯ್."

ಮಾಯ್ ನಾಲಿಗೆ ಚಾಚಿದಳು.

ಆಮೇಲೆ ಫಾದರ್ ವಾಡಿಕೆಯಂತೆ ಇನ್ನೊಂದು ಪ್ರಸಾದ ಎತ್ತಿ ಸೆವ್ರಿನ್ ಕಡೆ ತಿರುಗಿದರು. ಅವಳು ಎದ್ದು ನಿಂತಳು. "ನಾನು ಚಹಾ ಕುಡಿದಿದ್ದೇನೆ, ಫಾದರ್. ಒಂದು ಗಂಟೆ ಆಗಿಲ್ಲ," ಎಂದಳು ಇಂಗ್ಲಿಷಿನಲ್ಲಿ, ಮೆಲ್ಲಗೆ, ಮಾಯ್‌ಗೆ ಅರ್ಥವಾಗದ ಹಾಗೆ. ಅವರು ಬೆಳ್ಳಿಯ ಡಬ್ಬಿಯನ್ನು ಮುಚ್ಚಿ, ಎದೆಗೆ ಹಿಡಿದುಕೊಂಡು ಚಾಳಿನ ಮೆಟ್ಟಿಲು ಇಳಿದರು.

ಮಾಯ್ ಮಗಳ ಕಡೆ ಮುಖ ಹೊರಳಿಸಿದಳು. ಮತ್ತೆ ತೊದಲಿದಳು, "ಊರಿಗೆ ಬರಿ ಪುತಾ. ನಿನ್ನ ದೊಡ್ಡಮ್ಮನಿಗೂ ಸಕ್ಕರೆ ಉಂಟು. ಅವಳು ಇನ್ನು ತಿಂದು ಹೋಗಲಿ."

"ಬರೀತೇನೆ."

"ಆ ಕಾಗದ... ಸ್ವಲ್ಪ ಮೊದಲು ಬರ್ತಿದ್ದರೆ." ಮಾಯ್ ನಗಲು ನೋಡಿದಳು, ಒಂದು ಕಡೆಯ ತುಟಿಯಷ್ಟೇ ಏರಿತು. "ಇರಲಿ. ಪಾಪ, ಅಷ್ಟು ದೂರದಲ್ಲಿ ಇರುವವರು. ನನ್ನ ಸಂಗತಿ ಅವರಿಗೆ ಹೇಗೆ ಗೊತ್ತಾಗಬೇಕು?"

ಸೆವ್ರಿನ್ ಗ್ಲೂಕೋಸ್ ನೀರಿನ ಚಮಚ ತುಟಿಗೆ ಹಿಡಿದಳು. ಮಾಯ್ ಅಳುಕಿಲ್ಲದೆ, ಮಗುವಿನ ಹಾಗೆ ಬಾಯಿ ತೆರೆದು ಕುಡಿದಳು. ಇನ್ನೊಂದು ಚಮಚ ಕೇಳಿದಳು.